‘ಕಮಲ’ ಪ್ರಶ್ನಾರ್ಥಕ ಚಿಹ್ನೆಯಾದ ಬಗೆ

ವಿದ್ಯಾರ್ಥಿಗಳ ಹೆಸರುಗಳನ್ನು ಕನ್ನಡದಲ್ಲಿ ದಾಖಲಿಸುವ ಪಿಎಚ್‌ಪಿ ಪ್ರೋಗ್ರಾಮೊಂದನ್ನು ನಾವು ಮೂವರು ಮಿತ್ರರು ರಚಿಸಿದ್ದೆವು. ‘ಕಮಲ’ ಎಂದು ಬರೆದರೆ ‘???’ ಎಂದು ಹಿಂದಿರುಗುತ್ತಿತ್ತು. ಒಬ್ಬರು ಬ್ರೌಸರನ್ನು ಶಂಕಿಸಿದರು, ಮತ್ತೊಬ್ಬರು ಪ್ರೋಗ್ರಾಮನ್ನು.

ಊಹೆಗಳನ್ನು ಬದಿಗಿಟ್ಟು, ಹೆಸರು ಸಾಗುವ ಹಾದಿಯಲ್ಲಿ ಬೈಟುಗಳನ್ನು ಎಣಿಸೋಣವೆಂದೆನು. ಯುಟಿಎಫ್-8 ಪದ್ಧತಿಯಲ್ಲಿ ‘ಕಮಲ’ದ ಒಂದೊಂದು ಅಕ್ಷರಕ್ಕೂ 3 ಬೈಟು, ಒಟ್ಟು 9. ಪ್ರೋಗ್ರಾಮಿನಲ್ಲಿ ‘ಸ್ಟ್ರ್‌ಲೆನ್’ 9 ಎಂದಿತು. ಮೈಎಸ್‌ಕ್ಯೂಎಲ್ ಕೋಷ್ಟಕದಲ್ಲಿ ‘ಲೆಂಗ್ತ್’ 3 ಎಂದಿತು. ದೋಷದ ಸ್ಥಾನ ನಿಶ್ಚಯವಾಯಿತು.

2018ರಲ್ಲಿ ಬಂದ ಮೈಎಸ್‌ಕ್ಯೂಎಲ್ 8.0ಕ್ಕೆ ಮುಂಚಿನ ಆವೃತ್ತಿಗಳಲ್ಲಿ, ಬೇರೆ ಸೂಚನೆಯಿಲ್ಲದಿದ್ದರೆ ಕೋಷ್ಟಕಕ್ಕೆ ಲ್ಯಾಟಿನ್-1 ಲಿಪಿಸಂಕೇತವೇ ಗತಿ. ಅದರಲ್ಲಿ ಕನ್ನಡಕ್ಕೆ ಎಡೆಯಿಲ್ಲ. ಕಟ್ಟುನಿಟ್ಟಿನ ತಪಾಸಣೆ ಜಾರಿಯಲ್ಲಿಲ್ಲದಿದ್ದರೆ, ಅರಿಯದ ಅಕ್ಷರದ ಸ್ಥಾನದಲ್ಲಿ ಅದು ‘?’ ಇಟ್ಟು ಸುಮ್ಮನಾಗುತ್ತದೆ.

ಕೋಷ್ಟಕವನ್ನು ಯುಟಿಎಫ್8ಎಂಬಿ4ಕ್ಕೆ ಪರಿವರ್ತಿಸಿದ ಮೇಲೆ ಹೊಸ ಹೆಸರುಗಳು ಉಳಿದವು. ಹಳೆಯವು ಆ ಕೋಷ್ಟಕದಿಂದ ಮರಳಿ ದೊರೆಯಲಾರವು. ಕಾಗದದ ಅರ್ಜಿಗಳನ್ನು ನೋಡಿ ಪುನಃ ಬರೆಯಬೇಕಾಯಿತು. ಆದುದರಿಂದ ನೂರಾರು ಹೆಸರುಗಳನ್ನು ತುಂಬುವ ಮೊದಲು ಒಂದನ್ನು ಪರೀಕ್ಷಿಸುವುದು ಲೇಸು.

ಸಹಪಾಠಿಗಳೇ, ನೆರವು ಬೇಡುವಾಗ ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ಕಳುಹಿಸಿದ್ದೇನು, ಬಂದದ್ದೇನು, ಎಲ್ಲಿಯವರೆಗೆ ಸರಿಯಿತ್ತು ಎಂಬ ಮೂರನ್ನು ತಿಳಿಸಿದರೆ ಮಿತ್ರರ ಬುದ್ಧಿಗೆ ಹಾದಿ ದೊರೆಯುತ್ತದೆ.