ಇಂದಿನ ಧಮ್ಮ ಚಿಂತನೆ: ಮಾನ ಬೇರೆ, ಸ್ವಾಭಿಮಾನ ಬೇರೆ





ಕನ್ನಡದಲ್ಲಿ ‘ಮಾನ’ ಎಂದರೆ ಮರ್ಯಾದೆ. ಪಾಳಿಯಲ್ಲಿ ‘ಮಾನ’ ಎಂದರೆ ಅಹಂಕಾರ. ಹತ್ತು ಸಂಯೋಜನಗಳಲ್ಲಿ, ಅಂದರೆ ಬಂಧನಗಳಲ್ಲಿ, ಎಂಟನೆಯದು. ಸದಾ ಹೊಗಳಿಕೆ ಬೇಕು, ಜೊತೆಗಾರರ ಏಳಿಗೆ ಸಹಿಸದು ಎಂಬ ಸ್ವಭಾವವನ್ನು ಮನಶ್ಶಾಸ್ತ್ರ ‘ಆತ್ಮರತಿ’ ಎನ್ನುತ್ತದೆ. ಅದು ಈ ಪಾಳಿ ಮಾನಕ್ಕೆ ಹತ್ತಿರ. ಒಂದು ತಂಡವನ್ನು ಅದು ಏನು ಮಾಡುತ್ತದೆ ಎಂಬುದಕ್ಕೆ ಕ್ರಿಕೆಟ್ಟಿನ ಒಂದು ಉದಾಹರಣೆ ನೋಡೋಣ.

1936ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ನಾಯಕ ವಿಜಯನಗರಂನ ಮಹಾರಾಜಕುಮಾರ ‘ವಿಜ್ಜಿ’. ಆ ಸ್ಥಾನ ಬಂದದ್ದು ಆಟದಿಂದಲ್ಲ, ಹಣ ಮತ್ತು ಪ್ರಭಾವದಿಂದ. ಒಳ್ಳೆಯ ಆಟಗಾರ ಲಾಲಾ ಅಮರನಾಥರನ್ನು ಶಿಸ್ತಿನ ಹೆಸರಿನಲ್ಲಿ ಮೊದಲ ಟೆಸ್ಟಿಗೂ ಮುಂಚೆಯೇ ಊರಿಗೆ ವಾಪಸ್ ಕಳಿಸಲಾಯಿತು. ಮರ್ಚೆಂಟರನ್ನು ರನೌಟ್ ಮಾಡಿಸಿದರೆ ಚಿನ್ನದ ಗಡಿಯಾರ ಕೊಡುವುದಾಗಿ ಮುಷ್ತಾಕ್ ಅಲಿಗೆ ನಾಯಕರು ಆಸೆ ತೋರಿಸಿದ್ದರೆಂದು ಹೇಳುತ್ತಾರೆ. ಮ್ಯಾಂಚೆಸ್ಟರಿನಲ್ಲಿ ಅದೇ ಇಬ್ಬರು ಸೇರಿ ಮೊದಲ ವಿಕೆಟ್ಟಿಗೆ 203 ರನ್ ಕೂಡಿಸಿದರು. ಆದರೂ ಒಡೆದ ತಂಡ ಸರಣಿಯನ್ನು 2-0 ಅಂತರದಲ್ಲಿ ಸೋತಿತು. ಮೂರು ಟೆಸ್ಟ್‌ಗಳಲ್ಲಿ ನಾಯಕರ ಒಟ್ಟು ಗಳಿಕೆ 33 ರನ್.

ಆದರೆ ‘ಅಹಂಕಾರ ಬಿಡಿ’ ಎಂಬ ಉಪದೇಶ ಕೇಳಿದಾಗ ನಮ್ಮವರಿಗೆ ಸಂಕಟವಾಗುವುದು ಸಹಜ. ಹಕ್ಕು ಕೇಳಿದಾಗಲೆಲ್ಲ ನಮ್ಮನ್ನು ಸೊಕ್ಕಿನವರು ಎಂದಿದ್ದಾರೆ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಲ್ವಂಕರ್ ಬಾಲೂ ಅವರ ತಮ್ಮ ವಿಠ್ಠಲ್ ಅವರನ್ನು ನೆನೆಯಿರಿ. 1920ರಲ್ಲಿ ಅರ್ಹತೆ ಇದ್ದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ಅಡ್ಡ ಬಂದದ್ದು ಜಾತಿ. ಅವರೂ ಇನ್ನೊಬ್ಬ ಸೋದರ ಶಿವರಾಮರೂ ಬಹಿರಂಗವಾಗಿ ಪ್ರತಿಭಟಿಸಿ ತಂಡದಿಂದ ಹೊರಬಂದರು. 1923ರಲ್ಲಿ ವಿಠ್ಠಲ್ ನಾಯಕರಾದರು, ತಂಡ ಗೆದ್ದಿತು.

ಮೊದಲನೆಯದು ಮಾನ, ಎರಡನೆಯದು ಸ್ವಾಭಿಮಾನ. ಮಾನಕ್ಕೆ ಪಕ್ಕದವನು ಬೀಳಬೇಕು. ಸ್ವಾಭಿಮಾನಕ್ಕೆ ನ್ಯಾಯ ಸಿಕ್ಕರೆ ಸಾಕು.

‘ನಾನು ಮೇಲು’ ಎಂಬುದಷ್ಟೇ ಅಲ್ಲ, ‘ನಾನು ಸಮ’, ‘ನಾನು ಕೀಳು’ ಎಂದು ಅಳೆಯುತ್ತ ಕೂರುವುದೂ ಮಾನವೇ ಎಂದು ಭಗವಾನರು ತಿಳಿಸಿದ್ದಾರೆ. ಆ ಅಳತೆಗೋಲನ್ನು ಜಾತಿ ನಮ್ಮ ಕೈಗೂ ಕೊಟ್ಟಿದೆ.

ನನ್ನದೇ ಮಾತು ಹೇಳುತ್ತೇನೆ. ಒಮ್ಮೆ ಜಯಂತಿಯ ಕರಪತ್ರದಲ್ಲಿ ನನ್ನ ಹೆಸರು ಬಿಟ್ಟುಹೋಗಿತ್ತು. ಎರಡು ವಾರ ನಾನು ವಂದನೆಗೆ ಹೋಗಲಿಲ್ಲ. ಸ್ವಾಭಿಮಾನ ಎಂದೇ ಅಂದುಕೊಂಡಿದ್ದೆ. ಕರಪತ್ರ ಮಾಡಿಸಿದ ಹುಡುಗ ಮನೆಗೆ ಬಂದ. ‘ತಪ್ಪಾಯ್ತು ಸರ್. ಆದ್ರೆ ಮಕ್ಕಳ ಭಾನುವಾರದ ಪಾಠ ನಿಂತುಹೋಗಿದೆ’ ಎಂದ. ನನಗೆ ಯಾರೂ ಅನ್ಯಾಯ ಮಾಡಿರಲಿಲ್ಲ. ನಷ್ಟವಾದದ್ದು ಮಕ್ಕಳಿಗೆ.

ಇಂದಿನ ಅಭ್ಯಾಸ: ಸಂಘದ ಕೆಲಸದಲ್ಲಿ ಮನಸ್ಸಿಗೆ ನೋವಾದಾಗ ನಮ್ಮನ್ನೇ ಕೇಳಿಕೊಳ್ಳೋಣ. ನಾನು ಕೇಳುತ್ತಿರುವುದು ನ್ಯಾಯವನ್ನೋ, ಬ್ಯಾನರಿನಲ್ಲಿ ದೊಡ್ಡ ಫೋಟೊವನ್ನೋ? ನ್ಯಾಯವಾದರೆ ಎದ್ದು ನಿಂತು ಕೇಳೋಣ. ಫೋಟೊ ಆದರೆ ಸುಮ್ಮನೆ ಚಾಪೆ ಹಾಸಲು ಕೈಜೋಡಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.