ಬರೆದಿಟ್ಟವರ ನಂಬಿಗಸ್ತಿಕೆ: ಐರ್ಲೆಂಡಿನಿಂದ ಒಂದು ಪಾಠ

ಒಂದು ಜನಾಂಗವು ಕ್ರಿಸ್ತನನ್ನು ನಂಬಿದ ಮೇಲೆ ತನ್ನ ಹಿರಿಯರ ಹಾಡುಗಳನ್ನೂ ಕಥೆಗಳನ್ನೂ ಏನು ಮಾಡಬೇಕು? ಸುಟ್ಟುಬಿಡಬೇಕೋ, ಮರೆತುಬಿಡಬೇಕೋ, ಉಳಿಸಿಕೊಳ್ಳಬೇಕೋ? ಈ ಪ್ರಶ್ನೆಯು ಹೊಸದಲ್ಲ. ಯೂರೋಪ ಖಂಡದ ಪಶ್ಚಿಮದ ಅಂಚಿನಲ್ಲಿರುವ ಐರ್ಲೆಂಡ್ ದ್ವೀಪದವರು ಸಾವಿರ ವರ್ಷಗಳಿಗಿಂತ ಹಿಂದೆಯೇ ಇದಕ್ಕೆ ಉತ್ತರ ಕೊಡಬೇಕಾಯಿತು.

1. ಬಾಯಲ್ಲಿದ್ದ ವಿದ್ಯೆ. ಐರಿಷ್ ಭಾಷೆಯು ಕೆಲ್ಟಿಕ್ ಎಂಬ ಭಾಷಾಕುಟುಂಬಕ್ಕೆ ಸೇರಿದ್ದು. ವೇಲ್ಸ್ ದೇಶದ ಭಾಷೆಯು ಅದರ ಬಂಧು. ಪೂರ್ವದಲ್ಲಿ ಐರಿಷರಿಗೆ ಪುಸ್ತಕಗಳಿರಲಿಲ್ಲ. ಕಲ್ಲಿನ ಅಂಚಿನ ಮೇಲೆ ಗೀಟುಗಳಾಗಿ ಕೊರೆಯುವ ಓಗಮ್ ಎಂಬ ಲಿಪಿಯಿತ್ತು. ಆದರೆ ಅದರಲ್ಲಿ ಹೆಚ್ಚಾಗಿ ಮನುಷ್ಯರ ಹೆಸರುಗಳನ್ನೇ ಬರೆಯುತ್ತಿದ್ದರು. ಅರಸರ ವಂಶಾವಳಿಯೂ ಯುದ್ಧಕಥೆಗಳೂ ಫಿಲಿ ಎಂಬ ಕವಿಗಳ ಬಾಯಲ್ಲಿದ್ದವು. ಅವರ ಶಿಕ್ಷಣವು 12 ವರ್ಷ ನಡೆಯುತ್ತಿತ್ತೆಂದು ಹಳೆಯ ಗ್ರಂಥಗಳು ಹೇಳುತ್ತವೆ. ಕಲಿಯುವ ಶಿಷ್ಯನಿಲ್ಲದಿದ್ದರೆ ಕವಿಯ ಸಂಗಡ ಅವನ ವಿದ್ಯೆಯೂ ಮಣ್ಣಿಗೆ ಸೇರುತ್ತಿತ್ತು.

2. ಅಂಚಿನ ಬರಹ. 5ನೆಯ ಶತಮಾನದಲ್ಲಿ ಪಾತ್ರಿಕನೂ ಇತರರೂ ಅಲ್ಲಿ ಸುವಾರ್ತೆಯನ್ನು ಸಾರಿದರು. ಪಾತ್ರಿಕನು ಹುಡುಗನಾಗಿದ್ದಾಗ ಬ್ರಿಟನ್‌ನಿಂದ ಸೆರೆಯಾಗಿ ಹೋಗಿ ಅದೇ ದೇಶದಲ್ಲಿ 6 ವರ್ಷ ಕುರಿ ಕಾಯ್ದ ದಾಸನು. ಸುವಾರ್ತೆಯ ಸಂಗಡ ಲತೀನ್ ಭಾಷೆಯೂ ಪುಸ್ತಕಗಳೂ ಬಂದವು. ಮಠಗಳಲ್ಲಿ ಓದಿದವರು ಲತೀನನ್ನು ಕಲಿತರೂ ತಾಯಿನುಡಿಯನ್ನು ಬಿಡಲಿಲ್ಲ. ಪೌಲನ ಪತ್ರಿಕೆಗಳ 8ನೆಯ ಶತಮಾನದ ಒಂದು ಕೈಬರಹವು ಜರ್ಮನಿಯ ವುರ್ಟ್ಸ್‌ಬುರ್ಗ್ ಪಟ್ಟಣದಲ್ಲಿದೆ. ಅದರ ಲತೀನ್ ಸಾಲುಗಳ ನಡುವೆಯೂ ಅಂಚಿನಲ್ಲಿಯೂ ಐರಿಷ್ ಭಾಷೆಯ ಅರ್ಥವಿವರಣೆಯು ಸಣ್ಣ ಅಕ್ಷರಗಳಲ್ಲಿ ತುಂಬಿದೆ. 9ನೆಯ ಶತಮಾನದ ಮತ್ತೊಬ್ಬ ಮಠವಾಸಿಯು ಪಾಠದ ಪುಸ್ತಕದಲ್ಲಿ ತನ್ನ ಬೆಕ್ಕಿನ ವಿಷಯವಾಗಿ ಪದ್ಯವನ್ನು ಬರೆದನು. ಬೆಕ್ಕಿಗೆ ಇಲಿಯ ಬೇಟೆ, ತನಗೆ ಅರ್ಥದ ಬೇಟೆ ಎಂಬದೇ ಅದರ ಸಾರ. 1853ರಲ್ಲಿ ತ್ಸಾಯ್ಸ್ ಎಂಬ ಜರ್ಮನ್ ಪಂಡಿತನು ಕೆಲ್ಟಿಕ್ ಭಾಷೆಗಳ ವ್ಯಾಕರಣವನ್ನು ಪ್ರಕಟಿಸಿದಾಗ ಇಂಥ ಅಂಚಿನ ಬರಹಗಳೇ ಅವನಿಗೆ ಆಧಾರವಾದವು.

3. ನಂಬದೆಯೂ ಕೆಡಿಸದವನು. 12ನೆಯ ಶತಮಾನದ ಲೆನ್‌ಸ್ಟರ್ ಗ್ರಂಥದಲ್ಲಿ ಒಂದು ತುರುಗಾಳಗದ ಕಥೆಯುಂಟು. ಮೇವ್ ರಾಣಿಯು ಕೂಲಿ ಎಂಬ ಸೀಮೆಯ ಕಂದುಬಣ್ಣದ ಹೋರಿಗಾಗಿ ದಂಡೆತ್ತಿ ಬಂದಾಗ ಕೂಹುಲಿನ್ ಎಂಬ ತರುಣನು ಒಬ್ಬನೇ ನಿಂತು ಅವಳ ದಂಡನ್ನು ತಡೆದನು. ಕಥೆಯ ಕೊನೆಯಲ್ಲಿ ಎರಡು ಟಿಪ್ಪಣಿಗಳಿವೆ. ಇದನ್ನು ಬದಲಿಸದೆ ಇದ್ದ ಹಾಗೆಯೇ ನೆನಪಿನಲ್ಲಿಡುವವನಿಗೆ ಆಶೀರ್ವಾದವಾಗಲಿ ಎಂಬದು ಐರಿಷ್ ಟಿಪ್ಪಣಿಯ ಭಾವ. ಬರೆದವನಾದ ತಾನು ಇದರಲ್ಲಿಯ ಅನೇಕ ಸಂಗತಿಗಳನ್ನು ನಂಬುವದಿಲ್ಲ, ಕೆಲವು ದೆವ್ವಗಳ ಮೋಸ, ಕೆಲವು ಕವಿಗಳ ಕಲ್ಪನೆ ಎಂಬದು ಲತೀನ್ ಟಿಪ್ಪಣಿಯ ಭಾವ. ನೋಡಿರಿ, ನಂಬಿಕೆ ಬೇರೆ, ನೆನಪು ಬೇರೆ. ತಾನು ಒಪ್ಪದ್ದನ್ನು ಒಪ್ಪುವದಿಲ್ಲವೆಂದು ಹೇಳಿದನು. ಆದರೂ ಹಿರಿಯರ ಮಾತನ್ನು ತಿದ್ದಿ ಸುಳ್ಳುಮಾಡಲಿಲ್ಲ.

4. ಮಕ್ಕಳ ಕೈಬರಹ. 1845ರಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಮಹಾಕ್ಷಾಮವು ಆರಂಭವಾಯಿತು. ಸುಮಾರು 10 ಲಕ್ಷ ಜನರು ಸತ್ತರು. ಅಷ್ಟೇ ಜನರು ದೇಶವನ್ನು ಬಿಟ್ಟರು. ಐರಿಷ್ ಮಾತಾಡುತ್ತಿದ್ದ ಬಡ ಹಳ್ಳಿಗಳೇ ಹೆಚ್ಚಾಗಿ ಬರಿದಾದವು. ಉಳಿದದ್ದನ್ನಾದರೂ ಕಾಪಾಡುವದಕ್ಕೆ 1937ರಿಂದ 1939ರ ವರೆಗೆ ಸುಮಾರು 5,000 ಶಾಲೆಗಳ ಮಕ್ಕಳು ಮನೆಯ ಮುದುಕರನ್ನು ಕೇಳಿ ಕಥೆ, ಗಾದೆ, ಮನೆಮದ್ದುಗಳನ್ನು ಬರೆದು ತಂದರು. ಆ ಬರಹಗಳು ಇಂದಿಗೂ ಡಬ್ಲಿನ್ ನಗರದಲ್ಲಿವೆ.

ಪ್ರಿಯರೇ, ಐರ್ಲೆಂಡಿನ ಹಳೆಯ ಕಥೆಗಳನ್ನು ನಮ್ಮ ವರೆಗೆ ಮುಟ್ಟಿಸಿದವರು ಅರಸರಲ್ಲ, ಪಠಣದಲ್ಲಿಯೂ ಬರಹದಲ್ಲಿಯೂ ಬೇಸರಗೊಳ್ಳದ ದೀನರು. ಮುದುಕರು ಹೇಳುವಾಗ ಕೇಳದವನಿಗೆ ಅವರು ಹೋದ ಮೇಲೆ ಕೇಳುವದಕ್ಕೆ ಯಾರೂ ಇರುವದಿಲ್ಲ.

ಪ್ರಶ್ನೆಗಳು
ಕ. ಲೆನ್‌ಸ್ಟರ್ ಗ್ರಂಥದ ಎರಡು ಟಿಪ್ಪಣಿಗಳು ಒಂದಕ್ಕೊಂದು ವಿರುದ್ಧವೋ? 1 ಥೆಸಲೋನಿಕ 5:21ನ್ನು ಓದಿ ಉತ್ತರ ಹೇಳಿರಿ.
ಖ. ಪೌಲನ ಪತ್ರಿಕೆಗಳ ಅಂಚಿನಲ್ಲಿ ತಾಯಿನುಡಿಯನ್ನು ಯಾಕೆ ಬರೆದರು?
ಗ. ನಿಮ್ಮ ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುವ ಹಾಡು ಯಾವದು? ಅದನ್ನು ಯಾರು ಬರೆದಿಟ್ಟಿದ್ದಾರೆ?