ಬೇಸಗೆಯ ರಜೆ ಮತ್ತು ಮಕ್ಕಳ ಮೈತೂಕ

ರಜೆ ಬಂತೆಂದರೆ ಮಕ್ಕಳು ಓಡಿಯಾಡಿ ಮೈ ಗಟ್ಟಿಮಾಡಿಕೊಳ್ಳುವರೆಂದು ನಾವೆಲ್ಲ ನಂಬಿದ್ದೇವೆ. ಊರಿನ ತೋಟ, ಗದ್ದೆಗಳ ನಡುವೆ ಅದು ನಿಜವಿದ್ದೀತು. ಚೆನ್ನೈನ ಒಂದೆರಡು ಕೋಣೆಯ ಮನೆಗಳಲ್ಲಿ ಹಾಗಾಗುವುದೇ ಎಂಬುದನ್ನು ಯೋಚಿಸಬೇಕಾಗಿದೆ.

ಅಮೆರಿಕದಲ್ಲಿ 2010ರಿಂದ 2013ರವರೆಗೆ ಹದಿನೆಂಟು ಸಾವಿರಕ್ಕೂ ಹೆಚ್ಚು ಎಳೆಯ ಮಕ್ಕಳ ಎತ್ತರ, ತೂಕಗಳನ್ನು ಅಳೆದು ನೋಡಿದರು. ಬೊಜ್ಜುಳ್ಳವರ ಪ್ರಮಾಣ ಶೇಕಡ 8.9ರಿಂದ 11.5ಕ್ಕೆ ಏರಿತ್ತು. ಈ ಏರಿಕೆಯೆಲ್ಲ ನಡುವಿನ ಎರಡು ಬೇಸಗೆ ರಜೆಗಳಲ್ಲೇ ಆದದ್ದು. ಶಾಲೆ ನಡೆದ ತಿಂಗಳುಗಳಲ್ಲಿ ಅಲ್ಲ.

ಇದಕ್ಕೆ ಕಾರಣವೇನು? ಶಾಲೆಯ ದಿನಕ್ಕೆ ಒಂದು ಕಟ್ಟುಪಾಡಿದೆ. ಏಳುವುದು, ಉಣ್ಣುವುದು, ಆಡುವುದು, ಮಲಗುವುದು ಎಲ್ಲಕ್ಕೂ ಹೊತ್ತುಂಟು. ರಜೆಯಲ್ಲಿ ಆ ಕಟ್ಟು ಸಡಿಲುತ್ತದೆ. ಅದರ ಮೇಲೆ ಮೇ ತಿಂಗಳ ಕತ್ತರಿ ಬಿಸಿಲು. ಮಗು ಒಳಗೇ ಕುಳಿತು ಮೊಬೈಲು ನೋಡುತ್ತದೆ, ಕುರುಕಲು ತಿನ್ನುತ್ತದೆ, ನಡುರಾತ್ರಿ ಮಲಗುತ್ತದೆ.

ಆದರೆ ಎಲ್ಲ ಮನೆಗಳ ಕಷ್ಟವೂ ಒಂದೇ ಅಲ್ಲ. 1982ರಲ್ಲಿ ಎಂ. ಜಿ. ರಾಮಚಂದ್ರನ್ ವಿಸ್ತರಿಸಿದ ಮಧ್ಯಾಹ್ನದ ಊಟ, 2022ರಲ್ಲಿ ಆರಂಭವಾದ ಬೆಳಗಿನ ಉಪಾಹಾರ, ಎರಡೂ ಶಾಲೆ ಮುಚ್ಚಿದೊಡನೆ ನಿಲ್ಲುತ್ತವೆ. ಕೂಲಿಯವರ ಮಗುವಿಗೆ ರಜೆಯೆಂದರೆ ಹೊಟ್ಟೆಗೆ ಕಡಿತ. ಬರಪೀಡಿತ ಪ್ರದೇಶಗಳಲ್ಲಿ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2004ರಲ್ಲಿ ಆಜ್ಞೆ ಮಾಡಿದ್ದು ಇದಕ್ಕಾಗಿಯೇ. ಹೀಗೆ ಒಂದೇ ರಜೆ ಒಬ್ಬನನ್ನು ಊದಿಸುತ್ತದೆ, ಇನ್ನೊಬ್ಬನನ್ನು ಸೊರಗಿಸುತ್ತದೆ.

ಶಿಬಿರಗಳಿಗೆ ಹೋದ ದಿನ ಮಕ್ಕಳು ಹೆಚ್ಚು ಓಡಾಡುವರೆಂಬುದು ಕಂಡುಬಂದಿದೆ. ಮೈಸೂರಿನ ರಂಗಾಯಣದ ಚಿನ್ನರ ಮೇಳದಂಥದಕ್ಕೆ ನಮ್ಮಲ್ಲಿ ಎಲ್ಲರೂ ಮಕ್ಕಳನ್ನು ಕಳಿಸಲಾರೆವು. ಆದರೆ ಶಿಬಿರದ ಗುಣವಿರುವುದು ಅದರ ವೇಳಾಪಟ್ಟಿಯಲ್ಲಿ; ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಶಾಲೆಯ ದಿನಗಳ ಹೊತ್ತಿಗೇ ಮಕ್ಕಳನ್ನು ಎಬ್ಬಿಸೋಣ. ಬಿಸಿಲೇರುವ ಮೊದಲು ಹೊರಗೆ ಆಟ. ನಡುಹಗಲು ನೆರಳಿನಲ್ಲಿ ಚೌಕಾಬಾರ, ಅಳಗುಳಿಮಣೆ, ಪುಸ್ತಕ. ಸಂಜೆ ಕಡಲಗಾಳಿ ಬೀಸಿದಾಗ ಮತ್ತೆ ಆಟ. ದಿನಕ್ಕೆ ಒಂದು ಗಂಟೆಯಾದರೂ ಮೈಬೆವರುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಟಲಿಯ ಪಾನೀಯಕ್ಕೆ ಬದಲು ಮಜ್ಜಿಗೆ, ರಾಗಿ ಅಂಬಲಿ ಸಾಕು. ಒಂಬತ್ತು ಗಂಟೆಯಾದರೂ ನಿದ್ದೆ ಬೇಕು. ಬೆಳೆಯುವ ಮಗುವನ್ನು ತೂಕ ಇಳಿಸಲೆಂದು ಉಪವಾಸ ಕೆಡವಬಾರದು; ಸಂದೇಹವಿದ್ದರೆ ವೈದ್ಯರಿಗೆ ತೋರಿಸಬೇಕು.

ತಾಯಿತಂದೆ ಇಬ್ಬರೂ ದುಡಿಯುವ ಮನೆಗಳಲ್ಲಿ ಇದು ಒಬ್ಬರಿಂದಾಗದು. ನಾಲ್ಕು ಮನೆಯವರು ಸರದಿ ಮಾಡಿಕೊಂಡರೆ ಆದೀತು. ಆ ಸರದಿಯಲ್ಲಿ ಮಧ್ಯಾಹ್ನದ ಊಟ ತಪ್ಪಿದ ನೆರೆಯ ಮಗುವಿಗೂ ಒಂದು ತಟ್ಟೆ ಇಡೋಣ.